ಹಲಸಿನ ಮರದ ಕೆಳಗೆ

ಕಾಲ್ಬೆರಳು ಅಲ್ಲಾಡಿತ್ತೋ, ಅಲ್ಲಾಡಿದಂತೆ ಅನ್ನಿಸಿತ್ತೋ? ತಿರುವನಂತಪುರದ ಆಸ್ಪತ್ರೆಯಲ್ಲಿ ಮಲಗಿದಲ್ಲೇ ಕೌಶಿಕ್ ಮತ್ತೆ ಆ ಹಿತ್ತಲಿಗೆ ಮರಳಿದ್ದ. ೨೦೦೬ರ ಫೆಬ್ರವರಿ, ಕೊಚ್ಚಿಯ ಕಾಕ್ಕನಾಡಿನ ಬಾಡಿಗೆ ಮನೆ, ತಾನು ಹತ್ತಿ ಬಿದ್ದ ಹಲಸಿನ ಮರ, ಬೆನ್ನಡಿಯಲ್ಲಿ ಒಣಗಿದ ಎಲೆ. ಬಲಗಾಲಿನ ಹೆಬ್ಬೆರಳಿಗೆ ಕೆಂಪಿರುವೆ ಕಚ್ಚಿತ್ತು. ಉರಿ ಗೊತ್ತಾಗಿತ್ತು. ಬೆರಳು ಕೊಡವಿದ್ದೂ ನೆನಪಿತ್ತು.

ಆಮೇಲೆ ವಿಲ್ಸನ್ ಓಡಿ ಬಂದ. ಮಂಗಳೂರಿನವನು, ಕೌಶಿಕನ ಕಂಪನಿಯಲ್ಲೇ ಕೆಲಸ ಮಾಡುವ ಗೆಳೆಯ. ಎಳೆ ಹಲಸಿನ ಗುಜ್ಜೆ ಪಲ್ಯದ ಆಸೆ ಅವನದೇ; ಅದಕ್ಕೇ ಕೌಶಿಕ್ ಮರ ಹತ್ತಿದ್ದು. ಆಂಬುಲೆನ್ಸಿನ ನಂಬರ್ ಯಾರಿಗೂ ಗೊತ್ತಿರಲಿಲ್ಲ. ಓಣಿಯವರ ಜೊತೆ ಸೇರಿ ಕಂಕುಳಿಗೆ, ಮಂಡಿಗೆ ಕೈಕೊಟ್ಟು ಎತ್ತಿ, ಆಟೋದಲ್ಲಿ ಕೂರಿಸಿ, ದಾರಿಯುದ್ದಕ್ಕೂ ಎದೆಗೊತ್ತಿ ಹಿಡಿದುಕೊಂಡ. ಆಟೋ ಒಂದು ಗುಂಡಿಗಿಳಿದು ಹತ್ತಿತು. ಸೊಂಟದಿಂದ ಕೆಳಗಿನದು ಬೇರೆ ಯಾರದೋ ಆಯಿತು.

ಪ್ರತಿ ಶನಿವಾರದಂತೆ ವಿಲ್ಸನ್ ಈ ದಿನವೂ ಕೊಚ್ಚಿಯಿಂದ ರೈಲು ಹಿಡಿದು ಬಂದಿದ್ದ. ಪಕ್ಕದ ಹಾಸಿಗೆಯ ಶಂಕರನಾರಾಯಣ ತೆಂಗಿನ ಮರದಿಂದ ಬಿದ್ದವರು; ವಿಲ್ಸನ್‌ನನ್ನು ಮಗನೇ ಎಂದೇ ಕರೆಯುತ್ತಿದ್ದರು.

"ಬಾ ಮೋನೇ. ನಿನ್ನ ಇಂಜಿನಿಯರ್ ನಮ್ಮ ಯೂನಿಯನ್ನಿಗೆ ಸೇರಿದ್ದಾನೆ. ಆದರೆ ಬರೀ ಹಲಸು. ಎತ್ತರ ಸಾಲದು."

ಅಷ್ಟರಲ್ಲಿ ವಿದೇಶದಲ್ಲಿ ಓದಿ ಬಂದಿದ್ದ ಡಾಕ್ಟರ್ ನಿರ್ಮಲ ಬಂದರು. "ವಿದೇಶದಲ್ಲಿ ಮರಗಳಿಲ್ಲವಾ ಡಾಕ್ಟರೇ?" ಎಂದು ಶಂಕರನಾರಾಯಣ ಕೆಣಕಿದರು.

"ಇವೆ, ಹತ್ತುವವರಿಲ್ಲ. ಶ್ರೀಮಂತ ದೇಶಗಳಲ್ಲಿ ಹೆಚ್ಚಾಗಿ ಕಾರು ಗುದ್ದಿ ಬೆನ್ನು ಮುರಿಯುತ್ತೆ, ಇಲ್ಲ ಮುದುಕರು ಮನೆಯೊಳಗೇ ಜಾರಿ ಬೀಳ್ತಾರೆ. ಇಲ್ಲಿ ಮರ, ಬಾವಿ, ತಲೆಹೊರೆ. ಬೀಳೋರು ದುಡಿಯೋ ವಯಸ್ಸಿನವರು." ಕೌಶಿಕನ ಪಾದ ಮುಟ್ಟಿ ನೋಡುತ್ತ ಮುಂದುವರಿಸಿದರು: "ಅಲ್ಲಿ ಹಲಗೆಗೆ ಕಟ್ಟದೆ ಮೇಲೆತ್ತಲ್ಲ. ನಮ್ಮವರು ಪ್ರೀತಿಯಿಂದ ಎತ್ತಿ ಆಟೋದಲ್ಲಿ ಕೂರಿಸ್ತಾರೆ. ಬಿದ್ದಾಗ ಉಳಿದಿದ್ದ ಬೆನ್ನುಹುರಿ ಎಷ್ಟೋ ಸಲ ದಾರಿಯಲ್ಲಿ ಹೋಗುತ್ತೆ."

ಅವರು ಹೊರಟುಹೋದರು. ಕೌಶಿಕನ ಮಗ್ಗುಲು ಬದಲಿಸುವ ಹೊತ್ತು. ವಿಲ್ಸನ್ ಚಾಚಿದ ಕೈಗಳನ್ನು ಹಾಗೆಯೇ ತಡೆದ.

"ಮಾರಾಯ, ನಾನು ಎತ್ತುವಾಗ ನಿಂಗೆ ಕಾಲು ಗೊತ್ತಾಗ್ತಿತ್ತಾ?"

ಶಂಕರನಾರಾಯಣ ಕಣ್ಣು ಮುಚ್ಚಿಕೊಂಡರು. ಕೌಶಿಕ್ ಹೊದಿಕೆಯಡಿಯ ಪಾದಗಳನ್ನು ನೋಡಿದ. ಹೌದೆಂದರೆ ವಿಲ್ಸನ್ ಮುಂದಿನ ಶನಿವಾರ ಬಾರದೆ ಹೋಗಬಹುದು. ಬಂದರೆ ಜನ್ಮವಿಡೀ ಬರುತ್ತಾನೆ, ಇದೇ ಹಾಸಿಗೆಗೆ ಅವನನ್ನೂ ಕಟ್ಟಿಹಾಕಿದಂತೆ.

"ಬಿದ್ದಾಗಲೇ ಎಲ್ಲ ಮುಗಿದಿತ್ತು ಕಣೋ. ತಿರುಗಿಸು, ಭುಜ ನೋಯ್ತಿದೆ."

ವಿಲ್ಸನ್ ಹುಷಾರಾಗಿ ತಿರುಗಿಸಿದ. ಕೌಶಿಕನ ಮುಖಕ್ಕೆ ಗೋಡೆ ಎದುರಾಯಿತು.

ಇರುವೆ ಕಚ್ಚಿದ್ದನ್ನು, ತಾನು ಬೆರಳು ಕೊಡವಿದ್ದನ್ನು ಅವನು ವಿಲ್ಸನ್‌ಗೆ ಎಂದೂ ಹೇಳಲಿಲ್ಲ.