ಮಾವನಿಗೆ ಶನಿ ತೋರಿಸಿದ್ದು

ವೀಕ್ಷಣಾಲಯದ ಗುಮ್ಮಟವನ್ನು ಮೂವತ್ತು ವರ್ಷ ಕೈಯಿಂದ ತಿರುಗಿಸಿದ ಮನುಷ್ಯ ಒಂದು ದಿನವೂ ದುರ್ಬೀನಿಗೆ ಕಣ್ಣಿಟ್ಟಿರಲಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ಸೊಸೆಯೂ ನಂಬಿರಲಿಲ್ಲ. "ಯಾರೂ ಕರೀಲಿಲ್ಲ, ನಾನೂ ಕೇಳಲಿಲ್ಲ" ಎಂದಿದ್ದರು ಮಾವ. ನಾಳೆ ಬೆಳಿಗ್ಗೆ ಆ ದುರ್ಬೀನನ್ನು ಬಿಚ್ಚಿ ಸಾಗಿಸುತ್ತಾರೆ.

ಮೊಣಕಾಲು ಸೋತ ಮಾವ ಮೆಟ್ಟಿಲು ಹತ್ತಲಾರರು. ಅಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಸೊಸೆ ತಾನೇ ಗುಮ್ಮಟ ತಿರುಗಿಸಿ, ದುರ್ಬೀನಿಗೆ ಕ್ಯಾಮೆರಾ ಕಟ್ಟಿ, ಅವರನ್ನು ಕೆಳಗಿನ ಕೋಣೆಯಲ್ಲಿ ಪರದೆಯ ಮುಂದೆ ಕೂರಿಸಿದ್ದಳು. ಮುಸ್ಸಂಜೆಯ ನೀಲಿಯಲ್ಲಿ ಕುರ್ಚಿ, ಗೋಡೆ, ಮಾವನ ಬಿಳಿ ಮೀಸೆ ಎಲ್ಲವೂ ನೀರಿನೊಳಗೆ ಮೆಲ್ಲಗೆ ತೇಲುತ್ತಿದ್ದಂತಿತ್ತು.

"ಶನಿ ಹೆಗಲೇರೋದು ಕೇಳಿದ್ದೀನಿ. ನಾವೇ ಹುಡುಕ್ಕೊಂಡು ಹೋಗೋದು ಇದೇ ಮೊದಲು ಕಣಮ್ಮ" ಎಂದರು ಮಾವ.

ಮೇಲಿನ ನೆಟ್‌ವರ್ಕಿನಿಂದ ಕೆಳಗಿನದಕ್ಕೆ ಚಿತ್ರ ದಾಟಿಸಬೇಕಾದದ್ದು ನಡುವಿನ ಲಿನಕ್ಸ್ ಯಂತ್ರ. ಅದರ ಕರ್ನಲ್‌ನ, ಅಂದರೆ ಯಂತ್ರವನ್ನು ನಡೆಸುವ ತಿರುಳಿನ, ಒಂದು ಫೈಲಿನಲ್ಲಿ ಸೊನ್ನೆಯ ಜಾಗದಲ್ಲಿ ಒಂದು ಬರೆದರೆ ದಾರಿ ತೆರೆಯುತ್ತದೆ. ಅವಳು ಸುಡೊ ಹಾಕಿ, ಅಂದರೆ ಯಂತ್ರದ ಯಜಮಾನನ ಹೆಸರಿನಲ್ಲಿ, "ಒಂದು" ಎಂದು ಹೇಳಿಸಿ, ಬಾಣದ ಗುರುತಿನಿಂದ ಫೈಲಿಗೆ ತಳ್ಳಿದಳು. ಪರ್ಮಿಷನ್ ಡಿನೈಡ್. ನಾಲ್ಕು ಸಲ ಮಾಡಿದರೂ ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ ಅದೇ ಉತ್ತರ. ಹೊರಗೆ ಶನಿ ಎದುರಿನ ಕಟ್ಟಡದತ್ತ ಜಾರುತ್ತಿತ್ತು. ಹೆಚ್ಚೆಂದರೆ ಇನ್ನು ಹತ್ತು ನಿಮಿಷ.

"ಏನಂತೆ?"

"ಯಜಮಾನರೇ ಹೇಳಿದ್ರೂ ಬರೆಯೋಕೆ ಬಿಡಲ್ವಂತೆ ಮಾವ."

ಮಾವ ನಕ್ಕರು. "ಸಾಹೇಬ್ರು ಕುರ್ಚೀಲಿ ಕೂತು ಪಶ್ಚಿಮಕ್ಕೆ ತಿರುಗಿಸು ಅಂತಿದ್ರು. ತಳ್ಳೋನು ನಾನು. ಕೀಲಿ ನನ್ನ ಹತ್ರ ಇಲ್ಲದ ದಿನ ಅವರು ಎಷ್ಟು ಕೂಗಿದ್ರೂ ಗುಮ್ಮಟ ಅಲ್ಲಾಡ್ತಿರಲಿಲ್ಲ. ಹೇಳೋರು ಯಜಮಾನ್ರು ಸರಿ, ಬರೀತಿರೋದು ಯಾರು?"

ಅವಳ ಬೆರಳುಗಳು ನಿಂತವು. ಅಯ್ಯೋ, ತಾನೇ. ಸುಡೊ ಬಲವೆಲ್ಲ "ಒಂದು" ಎನ್ನುವುದಕ್ಕೇ ಮುಗಿದಿತ್ತು. ಬಾಣ ಫೈಲು ತೆರೆಯುತ್ತಿದ್ದದ್ದು ಅವಳ ಬಡ ಲಾಗಿನ್ನಿನ ಹೆಸರಿನಲ್ಲಿ. ಬಾಣ ಅಳಿಸಿದಳು. ಬರೆಯುವ ಕೆಲಸವನ್ನು ಟೀ ಎಂಬ ಕಮಾಂಡಿಗೆ ಒಪ್ಪಿಸಿ, ಸುಡೊವನ್ನು ಅದರ ಮುಂದೆ ನಿಲ್ಲಿಸಿದಳು. ಯಂತ್ರ ತಾನೂ "ಒಂದು" ಎಂದು ಒಪ್ಪಿಕೊಂಡಿತು.

ಪರದೆ ತುಂಬ ಕಪ್ಪು. ಅದರ ನಡುವೆ ನಡುಗುವ ಬಂಗಾರದ ಕಾಳು, ಸುತ್ತ ಒಂದು ಬಳೆ.

ಮಾವ ಪರದೆಯತ್ತ ಬಾಗಿದರು. ಆಮೇಲೆ ಮೆಲ್ಲಗೆ, "ಇಷ್ಟೇನಾ? ಇಷ್ಟು ನೋಡೋಕೂ ನನ್ನ ಒಳಗೆ ಕರೀಲಿಲ್ವಲ್ಲ ಅವರು" ಎಂದರು.

ಯಾಕಾದರೂ ತೋರಿಸಿದೆನೋ ಎನಿಸಿ ಅವಳು ಪರದೆ ಆರಿಸಲು ಕೈ ಚಾಚಿದಳು. ಮಾವ ಆ ಕೈ ಹಿಡಿದುಕೊಂಡರು.

"ಬೇಡಮ್ಮ. ಗುಮ್ಮಟ ತಿರುಗಿಸಿ ಎಷ್ಟೋ ಜನಕ್ಕೆ ತೋರಿಸಿದ್ದೀನಿ. ಇವತ್ತು ನಾನು ನೋಡ್ತೀನಿ."