ಲೆಕ್ಕ ಸರಿಯಾಗಿ ಕೂತ ನೀರು

ಬೆಳಗ್ಗೆ ಆಫೀಸಿಗೆ ಬಂದು ಬ್ಯಾಗು ಇಳಿಸುವ ಮೊದಲೇ ಸೇತುರಾಮ್ ಸಾರ್ ವಿಷಯ ಹೇಳಿದರು. ತಂಜಾವೂರು ಕಡೆಯ ನಮ್ಮ ಬಾವಿಯಲ್ಲಿ ಎಣ್ಣೆ ಬಂದಿಲ್ಲ, ಬರೀ ಉಪ್ಪುನೀರು. ಸಂಜೆ ಆ ನೀರು ಬರುವ ಆಳಕ್ಕೆ ಸಿಮೆಂಟ್ ತುಂಬಿ ಮುಚ್ಚುತ್ತಾರಂತೆ.

ಆ ಆಳ ತೋರಿಸಿಕೊಟ್ಟವಳು ನಾನು. ಜಯನಗರ ನಾಲ್ಕನೇ ಬ್ಲಾಕಿನ ಈ ಎರಡು ಕೋಣೆಯಲ್ಲಿ ಕೂತು, ಎಲ್ಲೋ ಕೊರೆದ ಬಾವಿಯಲ್ಲಿ ಎಣ್ಣೆ ಎಷ್ಟು ಕೆಳಗಿರಬಹುದು ಅಂತ ಹೇಳುವುದು ನಮ್ಮ ಕಸುಬು. ಸಾರ್ ಬೇರೆ ಆಳ ಅಂದಿದ್ದರು. ಹಟ ಮಾಡಿ ಒಪ್ಪಿಸಿದ್ದೆ. ಈಗ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಿಮೆಂಟ್ ಒಂದು ಸಲ ಇಳಿದರೆ ಅಲ್ಲಿ ಎಣ್ಣೆ ಇದ್ದರೂ ಇಲ್ಲದ ಹಾಗೇ, ನನ್ನ ಮಾತಿಗೆ ಬೆಲೆಯೂ ಅಷ್ಟೇ.

ನೀರಿನ ರಿಪೋರ್ಟು ಓದಿದೆ. ಕ್ಲೋರೈಡ್ ಜಾಸ್ತಿ, ಸೋಡಿಯಂ ಜಾಸ್ತಿ. ಬಂಡೆಯೊಳಗೆ ಯುಗಗಳಿಂದ ಕೂತ ನೀರು ಹೀಗೇ ಇರುತ್ತೆ. "ಟೋಟಲ್ ಎಷ್ಟು ಚೆನ್ನಾಗಿ ಕೂತಿದೆ ನೋಡಮ್ಮ, ಅನುಮಾನಕ್ಕೆ ಜಾಗವೇ ಇಲ್ಲ" ಅಂದರು ಸಾರ್. ನೀರಲ್ಲಿ ಕರಗಿದ ಉಪ್ಪುಗಳ ಧನ, ಋಣ ವಿದ್ಯುದಂಶ ಎರಡೂ ಸಮ ಇರಬೇಕು, ನಿಜ. ಆದರೆ ಒಂದೊಂದನ್ನೂ ಬೇರೆ ಬೇರೆ ಅಳೆದಾಗ ಸ್ವಲ್ಪ ಹೆಚ್ಚುಕಮ್ಮಿ ಆಗೇ ಆಗುತ್ತೆ. ಇಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಮಗಳು ಸುರಭಿಯ ಹೋಂವರ್ಕಿನಲ್ಲಿ ಎಲ್ಲ ಲೆಕ್ಕವೂ ಸರಿ ಬಂದ ದಿನ, ಪುಸ್ತಕದ ಹಿಂದಿನ ಉತ್ತರದ ಪುಟ ಮಡಿಸಿದೆಯಾ ಅಂತ ನಾನು ನೋಡುತ್ತೇನೆ. ಹಾಗೇ ಅನ್ನಿಸಿತು.

ಬಾವಿಯ ಹತ್ತಿರದ ಲ್ಯಾಬಿಗೆ ಫೋನ್ ಮಾಡಿದೆ. ಅಲ್ಲಿನ ಅರ್ಪಿತ ಸ್ವಲ್ಪ ಎಳೆದಾಡಿ ಬಾಯಿಬಿಟ್ಟಳು. ಸೋಡಿಯಂ ಅಳೆಯುವ ಯಂತ್ರ ಕೆಟ್ಟಿದೆ. ಮಿಕ್ಕಿದ್ದನ್ನು ಅಳೆದು, ಟೋಟಲ್ ಸರಿಹೋಗಲು ಎಷ್ಟು ಕಮ್ಮಿಯೋ ಅಷ್ಟನ್ನೂ ಸೋಡಿಯಂ ಅಂತ ಬರೆದಿದ್ದಾರೆ. ಪೊಟ್ಯಾಸಿಯಂ ಎಲ್ಲಿ ಅಂದೆ. ಅದೂ ಅದರೊಳಗೇ ಸೇರಿದೆಯಂತೆ.

ನನಗೆ ಬೇಕಾದದ್ದು ಆ ಪೊಟ್ಯಾಸಿಯಂ ಲೆಕ್ಕವೇ. ಬಾವಿ ಕೊರೆಯುವಾಗ ಜೇಡಿಮಣ್ಣು ಉಬ್ಬದಿರಲಿ ಅಂತ ಪೊಟ್ಯಾಸಿಯಂ ಉಪ್ಪು ಬೆರೆಸಿದ ಕೆಸರುನೀರು ಇಳಿಸಿದ್ದರು. ಅದು ಬಂಡೆಯೊಳಗೂ ಇಂಗುತ್ತೆ. ಬಂಡೆಯ ಸ್ವಂತ ನೀರಿನಲ್ಲಿ ಪೊಟ್ಯಾಸಿಯಂ ತೀರಾ ಕಮ್ಮಿ. ಇದರಲ್ಲಿ ಅದು ಜಾಸ್ತಿ ಇದ್ದರೆ, ಮೇಲೆ ಬರುತ್ತಿರುವುದು ನಾವೇ ಸುರಿದ ನೀರು. ಎಣ್ಣೆ ಅದರ ಹಿಂದೆ ಕಾದಿರಬಹುದು.

ಅದೇ ನೀರಿನ ಇನ್ನೊಂದು ಬಾಟಲಿ ನಮ್ಮ ಆಫೀಸಿಗೂ ಬಂದಿತ್ತು. ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಪುಟ್ಟೇನಹಳ್ಳಿಗೆ ಹೋದೆ. ಅಲ್ಲಿ ಚಲುವರಾಜು ಅನ್ನುವವರು ಅಪಾರ್ಟ್‌ಮೆಂಟುಗಳ ಬೋರ್‌ವೆಲ್ ನೀರು ಪರೀಕ್ಷೆ ಮಾಡುತ್ತಾರೆ. ಪೊಟ್ಯಾಸಿಯಂ ಒಂದು ನೋಡಿಕೊಡಿ ಸಾಕು ಅಂದೆ. ಯಂತ್ರದ ಅಳತೆ ಮೀರಿತು. ನೀರು ಬೆರೆಸಿ ತೆಳು ಮಾಡಿದರು, ಮತ್ತೂ ಮೀರಿತು. ಇನ್ನೂ ತೆಳು ಮಾಡಿದರು.

"ಮೇಡಂ, ನಿಜ ಹೇಳಿ. ಸಮುದ್ರಕ್ಕೇ ಬೋರ್ ಹಾಕ್ಸಿದೀರಾ?"

"ಸಮುದ್ರದಲ್ಲೂ ಇಷ್ಟಿರಲ್ಲ ಗುರು" ಅಂದೆ. ನಾನು ಯಾರನ್ನೂ ಗುರು ಅನ್ನುವವಳಲ್ಲ.

ಅಲ್ಲೇ ನಿಂತು ಬಾವಿಯ ಇಂಜಿನಿಯರ್ ದೇವರಾಜ್‌ಗೆ ಫೋನ್ ಮಾಡಿದೆ.

"ಸಿಮೆಂಟ್ ಹಾಕ್ಬೇಡಿ. ಅದು ನಾವೇ ಒಳಗೆ ಬಿಟ್ಟ ನೀರು. ಪೂರ್ತಿ ಬಂದುಹೋಗ್ಲಿ."

ಮೇಲಿನವರನ್ನು ಕೇಳಬೇಕು ಅಂತ ಹೇಳಿ ಫೋನ್ ಇಟ್ಟರು. ಚಲುವರಾಜು ಟೀ ತರಿಸಿದರು. ಅದು ಕೆನೆಗಟ್ಟಿದ ಮೇಲೆ ಫೋನ್ ಬಂತು: ಸಿಮೆಂಟ್ ಗಾಡಿ ವಾಪಸ್ ಕಳಿಸಿದ್ದಾರೆ, ಬಾವಿಯನ್ನು ಇನ್ನಷ್ಟು ದಿನ ಹರಿಯಲು ಬಿಡುತ್ತಾರೆ. ಆ ತಣ್ಣಗಿನ ಟೀ ಒಂದೇ ಗುಟುಕಿಗೆ ಕುಡಿದೆ.

ಮುಂದಿನ ವಾರ ದೇವರಾಜ್ ಒಂದು ಫೋಟೋ ಕಳಿಸಿದರು. ಗಾಜಿನ ಬಾಟಲಿ, ತಳದಲ್ಲಿ ಸ್ವಲ್ಪ ನೀರು, ಮೇಲೆಲ್ಲ ಕಪ್ಪಗೆ ಎಣ್ಣೆ. ಸಾರ್ ಅದನ್ನು ನೋಡಿ, ಕನ್ನಡಕ ಒರೆಸಿ, ಇವತ್ತು ಬೇಗ ಮನೆಗೆ ಹೋಗು ಅಂದರು. ಮನೆಯಲ್ಲಿ ಸುರಭಿಗೆ ತೋರಿಸಿದೆ.

"ಥೂ, ಗಲೀಜು" ಅಂದಳು.

"ಹೌದು ಕಣೇ, ಸಖತ್ ಗಲೀಜು" ಅಂತ ಹೇಳಿ, ಇನ್ನೊಂದು ಸಲ ನೋಡಿದೆ.