ಓಕ್ ಮರದ ತುರಿಮಣೆ

ಮದುವೆಯಾಗಿ ಏಳು ವರ್ಷ ಕಳೆದರೂ ಕೌಶಿಕನಿಗೆ ಮಾವನ ಬಾಯಿಂದ ಒಂದು ‘ಅಡ್ಡಿಲ್ಲ’ ಸಿಕ್ಕಿರಲಿಲ್ಲ.

ಮಾವ ಕೂಸಪ್ಪ ಕಾರ್ಕಳದ ಕಡೆಯವರು. ಮೂವತ್ತಾರು ವರ್ಷ ಸಾಮಿಲ್ಲಿನಲ್ಲಿ ದಿಮ್ಮಿ ಅಳೆದವರು. ಅವರ ಹೊಗಳಿಕೆಗೆ ಇದ್ದದ್ದು ಎರಡೇ ಮೆಟ್ಟಿಲು. ‘ಹ್ಞೂಂ’ ಅಂದರೆ ನೋಡಿದೆ ಎಂದರ್ಥ. ‘ಅಡ್ಡಿಲ್ಲ’ ಅಂದರೆ ಇದಕ್ಕಿಂತ ಚೆನ್ನಾಗಿ ಯಾರೂ ಮಾಡಲಾರರು ಎಂದರ್ಥ. ಅಳಿಯನಿಗೆ ಸಿಂಗಪುರದಲ್ಲಿ ಕೆಲಸ ಸಿಕ್ಕಾಗ ಹ್ಞೂಂ. ಅಲ್ಲೇ ಕಾಯಂ ನೆಲೆಸಲು ಪಿ.ಆರ್. ಬಂದಾಗ ಹ್ಞೂಂ. ಹೌಗಾಂಗ್‌ನಲ್ಲಿ ಫ್ಲ್ಯಾಟ್ ಕೊಂಡಾಗ ವೀಡಿಯೊ ಕಾಲ್‌ನಲ್ಲಿ ಬಾಗಿಲನ್ನು ಬೆರಳಿನಿಂದ ತಟ್ಟಿಸಿ, ಸದ್ದು ಕೇಳಿ, “ಒಳಗೆ ಪೊಳ್ಳು ಉಂಟು” ಎಂದಿದ್ದರು. ಅವರ ಬಾಯಿಂದ ‘ಅಡ್ಡಿಲ್ಲ’ ಬಂದದ್ದನ್ನು ಕೌಶಿಕ ಒಮ್ಮೆ ಮಾತ್ರ ಕಿವಿಯಾರೆ ಕೇಳಿದ್ದ. ಅದು ಅವನ ಮದುವೆಯ ಊಟದ ಉಪ್ಪಿನಕಾಯಿಗೆ.

ಕೌಶಿಕ ಮೈಸೂರಿನವನು, ಒಂದು ಬ್ಯಾಂಕಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದ. ಸಾಫ್ಟ್‌ವೇರನ್ನು ಬೆರಳಲ್ಲಿ ತಟ್ಟಿ ನೋಡಲು ಬರುವುದಿಲ್ಲ. ಆದ್ದರಿಂದ ಎರಡು ವರ್ಷದಿಂದ ಪ್ರತಿ ಶನಿವಾರ ಎಂಆರ್‌ಟಿ ರೈಲು ಹಿಡಿದು ಚೋವಾ ಚು ಕಾಂಗ್ ಕಡೆಗೆ ಹೋಗಿ, ಲಿಮ್ ಎಂಬ ಮುದುಕನ ವರ್ಕ್‌ಶಾಪಿನಲ್ಲಿ ಮರಗೆಲಸ ಕಲಿಯುತ್ತಿದ್ದ. ಮೊದಲು ಮಾಡಿದ್ದು ಚಪ್ಪಲಿ ಸ್ಟ್ಯಾಂಡು. ಅದು ಬಲಕ್ಕೆ ವಾಲುತ್ತಿತ್ತು. ಫೋಟೊ ನೋಡಿದ ಮಾವ, “ಚಪ್ಪಲಿಗೆ ಅಲ್ವಾ, ಸಾಕು” ಎಂದರು.

ಎರಡು ಸಾವಿರದ ಹದಿನಾರರ ಜುಲೈಯಲ್ಲಿ ಕೂಸಪ್ಪನವರು ಒಂದು ತಿಂಗಳ ಮಟ್ಟಿಗೆ ಬರುವುದು ನಿಶ್ಚಯವಾಯಿತು. ಫೋನಿನಲ್ಲಿ ಊಟದ ಮಾತು ಬಂತು. ಕೋಳಿ ಸಾರಿಗೆ ತೆಂಗಿನ ತುರಿ ಫ್ರೀಜರ್ ಪ್ಯಾಕೆಟ್ಟಿನದು ಎಂದು ಮಗಳು ಯಶ್ಮಿತಾ ಬಾಯಿ ತಪ್ಪಿ ಹೇಳಿಬಿಟ್ಟಳು.

“ಎಂತದು? ತುರಿಮಣೆ ಇಲ್ವಾ ಆ ಊರಲ್ಲಿ?”

“ನಾನು ಮಾಡ್ತೀನಿ ಮಾವ!” ಹಿಂದಿನಿಂದ ಕೌಶಿಕ ಕೂಗಿದ.

ಮಾವ ಆ ಕಡೆಯಿಂದಲೇ ಕೆಲಸ ಹಂಚಿದರು. “ಅಲಗು ನಾನು ತರ್ತೇನೆ. ನಮ್ಮ ಆಚಾರಿ ಬಡಿದದ್ದು. ಮಣೆ ನೀವು ಮಾಡಿ ಅಳಿಯಂದಿರೇ. ಪಾಲಿಶ್ ಗೀಲಿಶ್ ಬೇಡ. ತಿನ್ನುವ ವಸ್ತು ಬೀಳುವ ಜಾಗ ಅದು.”

ಫೋನ್ ಇಟ್ಟ ಮೇಲೆ ಯಶ್ಮಿತಾ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. “ಒಂದು ಅಡ್ಡಿಲ್ಲಕ್ಕೆ ಇಷ್ಟು ಒದ್ದಾಟನಾ ಕೌಶಿ? ನಾನೇ ದಿನಾ ಬೆಳಿಗ್ಗೆ ಒಂದೊಂದು ಹೇಳ್ತೀನಿ ಬಿಡು.”

“ನಿಂದು ಕೌಂಟ್ ಆಗಲ್ಲ.”

ಲಿಮ್ ಬಳಿ ಯಾರದೋ ಡೈನಿಂಗ್ ಟೇಬಲ್ಲಿನಿಂದ ಉಳಿದ ಒಂದು ಹಲಗೆ ಇತ್ತು. ಅಮೆರಿಕದ ವೈಟ್ ಓಕ್. ಎರಡು ಅಂಗುಲ ದಪ್ಪ, ಗೋಧಿ ಹಿಟ್ಟಿನ ಬಣ್ಣ, ಮೈಮೇಲೆ ಅಲ್ಲಲ್ಲಿ ಮೀನಿನ ಪೊರೆಯಂಥ ಹೊಳೆಯುವ ಪಟ್ಟೆ. ಹತ್ತು ಸಲ ಉಳಿ ಹೊಡೆದರೆ ಹನ್ನೊಂದನೆಯ ಸಲಕ್ಕೆ ಉಳಿ ಮಸೆಯಬೇಕು, ಅಷ್ಟು ಗಟ್ಟಿ. ಆದರೆ ಒಮ್ಮೆ ಕೂತ ಜೋಡಣೆ ಅಲುಗುವುದಿಲ್ಲ. ಕೊಯ್ದಾಗ ಹುಳಿ ಬಂದ ಹೆಂಡದ ವಾಸನೆ. ಈ ಮರದಲ್ಲಿ ಪೀಪಾಯಿ ಮಾಡಿ ವಿಸ್ಕಿ ತುಂಬಿಸಿ ಹತ್ತು ವರ್ಷ ಇಟ್ಟರೂ ಸೋರುವುದಿಲ್ಲ ಎಂದು ಕೇಳಿದ ಮೇಲಂತೂ ಕೌಶಿಕ ಬೇರೆ ಮರದ ಕಡೆ ಕತ್ತು ತಿರುಗಿಸಲಿಲ್ಲ.

ಲಿಮ್ ಹಣ ಎಣಿಸಿಕೊಳ್ಳುತ್ತ ಒಂದೇ ಮಾತು ಹೇಳಿದ. “ಓಕ್ ಆಹ್, ನೋ ಐರನ್. ಕಬ್ಬಿಣ ತಾಗಿ ನೀರು ಬಿದ್ರೆ ಫುಲ್ ಬ್ಲ್ಯಾಕ್.”

ಅದನ್ನು ಕೌಶಿಕ ದೇವರ ಮಾತಿನಂತೆ ಪಾಲಿಸಿದ. ಕಬ್ಬಿಣದ ಸ್ಕ್ರೂ ಮುಟ್ಟಲಿಲ್ಲ. ಮೂರು ಅಂಗಡಿ ಅಲೆದು ಹಿತ್ತಾಳೆಯ ಸ್ಕ್ರೂ ತಂದ. ಮೂರು ಶನಿವಾರದಲ್ಲಿ ಮಣೆ ಮುಗಿಯಿತು. ಸಣ್ಣ ಆಮೆಯ ಆಕಾರ, ನಾಲ್ಕು ಗಿಡ್ಡ ಕಾಲು, ಯಾವ ಕಡೆಗೂ ವಾಲುತ್ತಿರಲಿಲ್ಲ. ಅವನು ಅದನ್ನು ನೆಲದ ಮೇಲಿಟ್ಟು ಮೂಲೆ ಮೂಲೆ ಒತ್ತಿ ನೋಡುವುದನ್ನು ಯಶ್ಮಿತಾ ನಾಲ್ಕು ದಿನ ನೋಡಿದಳು. ಐದನೆಯ ದಿನ, “ಅದರ ಜೊತೆಗೇ ಮಲಗ್ತೀಯಾ ಹೇಗೆ?” ಎಂದಳು.

ಕೂಸಪ್ಪ ಬಂದರು. ಪೆಟ್ಟಿಗೆ ತೆರೆದು, ಲುಂಗಿಯಲ್ಲಿ ಸುತ್ತಿದ ಅಲಗನ್ನು ಮಗುವನ್ನು ಎತ್ತಿದಂತೆ ಎತ್ತಿ ಕೊಟ್ಟರು. ಆಮೇಲೆ ಮಣೆಯನ್ನು ನೋಡಿದರು. ಮಗುಚಿ ನೋಡಿದರು. ಗೆಣ್ಣಿನಿಂದ ತಟ್ಟಿದರು. ಮೂಸಿದರು. ಕೈಯಲ್ಲಿ ತೂಗಿ, “ಒಂದು ಸಿಎಫ್‌ಟಿಗೆ ಇಪ್ಪತ್ತೊಂದು ಕಿಲೊ ಬಂದೀತು” ಎಂದು ಘನ ಅಡಿಯ ಲೆಕ್ಕ ಹೇಳಿದರು. ಕೌಶಿಕ ಆಮೇಲೆ ಗುಟ್ಟಾಗಿ ನೆಟ್ಟಿನಲ್ಲಿ ನೋಡಿದ. ಸರಿಯಾಗಿ ಇಪ್ಪತ್ತೊಂದೇ.

“ನೀರು ಹಿಡಿಯಲ್ಲ ಮಾವ ಇದು. ನೋಡಿ, ತೋರಿಸ್ತೀನಿ.”

ಅವನು ಬೆರಳುದ್ದದ ಎರಡು ತುಂಡು ತಂದ. ಒಂದು ರೆಡ್ ಓಕ್. ಅದರ ತುದಿ ನೀರಿನ ಲೋಟದಲ್ಲಿಟ್ಟು ಇನ್ನೊಂದು ತುದಿಗೆ ಬಾಯಿಟ್ಟು ಊದಿದ. ಮರದೊಳಗಿಂದ ಗುಳುಗುಳು ಗುಳ್ಳೆ ಬಂತು. ಇಂದು ಎಂಬ ಹೆಸರಿನ ಆರು ವರ್ಷದ ಮಗಳು ಚಪ್ಪಾಳೆ ತಟ್ಟಿದಳು. ಇನ್ನೊಂದು ವೈಟ್ ಓಕ್. “ಇದನ್ನ ಊದಿ ಮಾವ. ಇದರ ರಂಧ್ರಕ್ಕೆ ಮರವೇ ಒಳಗಿಂದ ಬಿರಡೆ ಹಾಕ್ಕೊಂಡಿರುತ್ತೆ.”

ಕೂಸಪ್ಪ ಊದಿದರು. ಏನೂ ಬರಲಿಲ್ಲ. ಕೆನ್ನೆ ಉಬ್ಬಿಸಿ ಊದಿದರು. ಮುಖ ಕೆಂಪಾಯಿತು, ಕಣ್ಣು ಹೊರಬಂತು.

“ಅಜ್ಜ, ಸ್ಟಾಪ್ ಲಾ! ನೀನೇ ಒಡೆದು ಹೋಗ್ತೀಯ!”

ಕೂಸಪ್ಪ ಉಸಿರು ಬಿಟ್ಟು ತುಂಡನ್ನು ಜೇಬಿಗೆ ಹಾಕಿಕೊಂಡರು. “ನೋಡುವ” ಎಂದರು. ‘ಹ್ಞೂಂ’ಗೂ ‘ಅಡ್ಡಿಲ್ಲ’ಕ್ಕೂ ನಡುವೆ ಹೀಗೊಂದು ಮೆಟ್ಟಿಲು ಇರುವುದು ಕೌಶಿಕನಿಗೆ ಅಂದೇ ಗೊತ್ತಾದದ್ದು. ಅವನು ಹುರುಪಿನಿಂದ ಅಲಗನ್ನು ಮಣೆಗೆ ಕೂರಿಸಿ ಹಿತ್ತಾಳೆಯ ಸ್ಕ್ರೂ ಬಿಗಿದ. ಬಿಗಿಯುತ್ತ ಕಬ್ಬಿಣ ಯಾಕೆ ಕೂಡದು ಎಂದು ಮಾವನಿಗೆ ಐದು ನಿಮಿಷ ಪಾಠ ಮಾಡಿದ.

ಭಾನುವಾರ ಕೋರಿ ರೊಟ್ಟಿ. ಕೂಸಪ್ಪ ಬೆಳಿಗ್ಗೆಯೇ ಮಿಂದು, ಬಿಳಿ ಪಂಚೆ ಉಟ್ಟು ಬಂದರು. ಹೊಸ ಮಣೆಗೆ ನೀರು ತೋರಿಸದೆ ಕೂರುವ ಪದ್ಧತಿ ಅವರ ಮನೆಯಲ್ಲಿ ಇಲ್ಲ. ಎರಡು ಚೊಂಬು ನೀರನ್ನು ಅಲಗಿನ ತುದಿಯಿಂದ ಮಣೆಯ ಹಿಂಭಾಗದವರೆಗೆ ಸುರಿದು, ಒರೆಸದೆ ಕೂತರು. ಆರು ತೆಂಗಿನಕಾಯಿ. ಕರ್ ಕರ್ ಎಂದು ತುರಿ ಬೀಳತೊಡಗಿತು. ಮಣೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಕೌಶಿಕ ಬಾಗಿಲಿಗೆ ಒರಗಿ ಮಾವನ ತುಟಿಯನ್ನೇ ನೋಡುತ್ತಿದ್ದ. ಎರಡನೆಯ ಕಾಯಿ ಮುಗಿದಾಗ ಮಾವ ತಲೆಯೆತ್ತಿ ಏನೋ ಹೇಳಲು ಬಾಯಿ ತೆರೆದರು.

“ಅಪ್ಪ, ತುರಿ ಯಾಕೆ ಬೂದಿ ಥರ ಆಗ್ತಿದೆ?” ಎಂದಳು ಯಶ್ಮಿತಾ.

ತಟ್ಟೆಯ ಪಕ್ಕ ಮಣೆಯ ಮೇಲೆ ಬಿದ್ದ ತುರಿ ಕೊಳೆತ ಬೆಳ್ಳುಳ್ಳಿಯ ಬಣ್ಣಕ್ಕೆ ತಿರುಗಿತ್ತು. ಅಲಗಿನ ಬುಡದಿಂದ ನೀಲಿಗಪ್ಪು ಕಲೆ ಇಳಿದು ಹಲಗೆಯ ಅರ್ಧ ದಾರಿ ಬಂದಿತ್ತು. ಕೂಸಪ್ಪ ಥಟ್ಟನೆ ಎದ್ದರು. ಎದ್ದದ್ದೇ ತಪ್ಪಾಯಿತು.

“ಅಜ್ಜ! ನಿನ್ನ ಹಿಂದೆ ಆಸ್ಟ್ರೇಲಿಯಾ ಇದೆ ಲಾ!”

ನಿಜಕ್ಕೂ ಇತ್ತು, ಬಿಳಿ ಪಂಚೆಯ ಹಿಂದೆ ಕಪ್ಪಗೆ. ಟಾಸ್ಮೇನಿಯಾ ಸಮೇತ. ಯಶ್ಮಿತಾ ಸೆರಗಿಲ್ಲದ ಟಿ-ಶರ್ಟಿನಲ್ಲೇ ಬಾಯಿ ಮುಚ್ಚಿಕೊಳ್ಳಲು ನೋಡಿ ಸೋತು, ಅಡುಗೆಮನೆಯ ನೆಲದ ಮೇಲೆ ಕೂತು ನಕ್ಕಳು. ಕೌಶಿಕನಿಗೆ ನಗು ಬರಲಿಲ್ಲ. ಮೂರು ಶನಿವಾರ, ಏಳು ವರ್ಷ, ಬಾಯಿಯ ತುದಿಗೆ ಬಂದಿದ್ದ ಆ ಮಾತು, ಎಲ್ಲ ಅವನ ಕಣ್ಣ ಮುಂದೆ ಕಪ್ಪಾಗುತ್ತಿತ್ತು.

ಕೂಸಪ್ಪ ಕಲೆಗೆ ಬೆರಳು ಒತ್ತಿ, ಮೂಸಿ, ಹೆಬ್ಬೆರಳಿಗೆ ಉಜ್ಜಿದರು. “ಇದು ಶಾಯಿ ಮಾರಾಯ್ರೇ. ಅಣಲೆಕಾಯಿ ಕಷಾಯಕ್ಕೆ ತುಕ್ಕು ಹಾಕಿ ನನ್ನ ಅಪ್ಪ ಶಾಲೆಗೆ ಶಾಯಿ ಮಾಡಿ ಕೊಡ್ತಿದ್ರು. ಅದೇ ಚೊಗರು ನಿಮ್ಮ ಈ ಮರದಲ್ಲೂ ಉಂಟು.” ಆಮೇಲೆ ಮೆಲ್ಲಗೆ ಕೇಳಿದರು. “ಸ್ಕ್ರೂ ಎಂತದ್ದು ಹಾಕಿದ್ದು?”

“ಹಿತ್ತಾಳೆ, ಮಾವ.”

“ಕಬ್ಬಿಣ ಕೂಡದು ಅಂತ.”

“ಹೌದು ಮಾವ.”

“ಅಲಗು?”

ಕೌಶಿಕ ಅಲಗನ್ನು ನೋಡಿದ. ಒಂದೂವರೆ ಅಡಿಯ ಕಬ್ಬಿಣ. ಈವರೆಗೆ ಅವನಿಗೆ ಅದು ಕಬ್ಬಿಣವಾಗಿ ಕಂಡಿರಲೇ ಇಲ್ಲ, ಅಲಗಾಗಿ ಮಾತ್ರ ಕಂಡಿತ್ತು. “ಕಬ್ಬಿಣ, ಮಾವ.”

“ಹ್ಞೂಂ.”

“ಅಪ್ಪ, ಅದನ್ನ ತಂದಿದ್ದು ನೀವು” ಎಂದಳು ಯಶ್ಮಿತಾ ಕಣ್ಣೊರೆಸಿಕೊಳ್ಳುತ್ತ.

“ಹೌದು. ನೀರು ಹೊಯ್ದದ್ದೂ ನಾನೇ, ಕೂತದ್ದೂ ನಾನೇ. ಅದಕ್ಕೇ ಹೆಚ್ಚು ಮಾತಾಡುವುದಿಲ್ಲ.”

ಅಂದು ಊಟಕ್ಕೆ ಫ್ರೀಜರ್ ತುರಿಯೇ ಆಯಿತು. ಯಶ್ಮಿತಾ ಪಂಚೆಗೆ ಸೋಪು ಹಾಕಿ ಉಜ್ಜಿ ಆಸ್ಟ್ರೇಲಿಯಾವನ್ನು ಇನ್ನಷ್ಟು ಖಾಯಂ ಮಾಡಿದಳು. ಲಿಮ್‌ಗೆ ಫೋಟೊ ಕಳಿಸಿದರೆ ಎರಡು ಪದದ ಉತ್ತರ ಬಂತು: “ಟೋಲ್ಡ್ ಯೂ.” ಅರ್ಧ ಗಂಟೆಯ ಮೇಲೆ ಇನ್ನೊಂದು: ಹುಳಿ ಆ್ಯಸಿಡ್ ಹಾಕಿ ತಿಕ್ಕು.

ಕೂಸಪ್ಪನವರಿಗೆ ಆ್ಯಸಿಡ್ ಬೇಕಾಗಲಿಲ್ಲ. ಬಂದ ಎರಡನೆಯ ದಿನವೇ ಪಕ್ಕದ ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ ಎಂಬ ತೆರೆದ ಜಗಲಿಯ ಆಚೆ ಹುಳಿ ಕಾಯಿ ಬಿಡುವ ಒಂದು ಬಿಂಬುಳಿ ಮರವನ್ನು ಅವರು ಗುರುತು ಹಾಕಿಕೊಂಡಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದ ಮಲಯ್ ಹೆಂಗಸಿನ ಹತ್ತಿರ ಕೈಸನ್ನೆಯಲ್ಲೇ ಕೇಳಿ ಹನ್ನೆರಡು ಕಾಯಿ ತಂದರು. ಇಬ್ಬರೂ ಸ್ನಾನದ ಮನೆಯ ನೆಲದಲ್ಲಿ ಎದುರುಬದುರು ಕೂತು ಕಲೆಯ ಮೇಲೆ ಬಿಂಬುಳಿ ಜಜ್ಜಿ ತಿಕ್ಕಿದರು.

“ಸಾಫ್ಟ್‌ವೇರಿನಲ್ಲಿ ತಪ್ಪಾದರೆ ಎಂತ ಮಾಡ್ತೀರಿ ಅಳಿಯಂದಿರೇ?”

“ಹಳೇ ವರ್ಷನ್‌ಗೆ ವಾಪಸ್ ಹೋಗ್ತೀವಿ ಮಾವ.”

“ಮರಕ್ಕೆ ಅದಿಲ್ಲ. ನಮಗೆ ಹುಳಿಯಾದ್ರೂ ಉಂಟು.”

ಕಪ್ಪು ಕರಗಿ ಕಂದಾಯಿತು, ಕಂದು ಕರಗಿ ಮರದ ಬಣ್ಣ ಮೇಲೆ ಬಂತು. ಅಲಗಿನ ಬುಡದಲ್ಲಿ ಮಾತ್ರ ಉಗುರಗಲದ ಬೂದು ಉಳಿಯಿತು. ಮಣೆ ಎರಡು ದಿನ ಒಣಗಿತು. ಕೌಶಿಕ ತನ್ನ ನೀಲಿ ಹವಾಯಿ ಚಪ್ಪಲಿಯೊಂದನ್ನು ಕತ್ತರಿಸಿ ಅಲಗಿಗೂ ಮರಕ್ಕೂ ನಡುವೆ ಇಟ್ಟ. ಕೂಸಪ್ಪ ಮೂರು ದಿನ ದಿನಕ್ಕೆರಡು ಹೊತ್ತು ಮಣೆಗೆ ತೆಂಗಿನೆಣ್ಣೆ ಕುಡಿಸಿದರು. ನೀರು ತೋರಿಸುವ ಪದ್ಧತಿಯನ್ನು ಸಿಂಗಪುರದ ಮಟ್ಟಿಗೆ ಅವರೇ ರದ್ದು ಮಾಡಿದರು.

ಹೊರಡುವ ಹಿಂದಿನ ದಿನ ಮತ್ತೆ ಕೋರಿ ರೊಟ್ಟಿ. ಈ ಸಲ ಕೂಸಪ್ಪ ಬಣ್ಣದ ಲುಂಗಿ ಉಟ್ಟು ಕೂತರು. ನಾಲ್ಕು ಕಾಯಿಯ ತುರಿ ತಟ್ಟೆಯಲ್ಲಿ ಹತ್ತಿಯಂತೆ ಬೆಳ್ಳಗೆ ಬಿತ್ತು. ಮುಗಿದ ತಕ್ಷಣ ಮಣೆಯನ್ನು ಒಣಬಟ್ಟೆಯಿಂದ ಒರೆಸಿ, ಗೋಡೆಗೆ ಒರಗಿಸಿ, ಎದ್ದು ನಿಂತು ದೂರದಿಂದ ನೋಡಿದರು. ಮೊಮ್ಮಗಳು ಅವರ ಹಿಂಭಾಗವನ್ನು ಪರೀಕ್ಷಿಸಿ, “ನೋ ಕಂಟ್ರಿ” ಎಂದು ವರದಿ ಕೊಟ್ಟಳು.

“ಮರ ಅಡ್ಡಿಲ್ಲ” ಎಂದರು ಕೂಸಪ್ಪ.

ಕೌಶಿಕ ಕಾದ. ಯಶ್ಮಿತಾ ಸೌಟು ಹಿಡಿದು ಕಾದಳು.

“ಮತ್ತೆ ಕೆಲಸ, ಮಾವ?”

“ಕೆಲಸಕ್ಕೆ ಎಂತ ಅರ್ಜೆಂಟು? ಬರುವ ವರ್ಷ ಬರ್ತೇನಲ್ಲ, ನೋಡುವ.”

ಆ ತಿಂಗಳಲ್ಲಿ ಹಾಳಾದದ್ದು ಒಂದು ಬಿಳಿ ಪಂಚೆ, ಎರಡು ತೆಂಗಿನಕಾಯಿಯ ತುರಿ, ಹನ್ನೆರಡು ಬಿಂಬುಳಿ ಮತ್ತು ಎಡಗಾಲಿನ ಒಂದು ಚಪ್ಪಲಿ.